ಕರ್ಸರ್ ಹಿಂದಕ್ಕೆ ಹೋದ ಕಥೆ: ಟೆಲಿಪ್ರಿಂಟರಿನಿಂದ ನಮ್ಮ ಟರ್ಮಿನಲ್‌ವರೆಗೆ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಲೋಕಲ್ ಟ್ರೈನಿನಲ್ಲಿ ಒಂಟಿ ಕಾಲಲ್ಲಿ ನಿಂತು ಓದುವವರು ಇದನ್ನೇ ಓದಿಕೊಳ್ಳಬಹುದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದೀನಿ.

ಮೊದಲು ನನ್ನ ಒಂದು ಮುಜುಗರದ ಪ್ರಸಂಗ ಹೇಳಿಬಿಡ್ತೀನಿ.

ಹೋದ ವರ್ಷ ಬೊರಿವಲಿಯಲ್ಲಿ ನಮ್ಮ ಕನ್ನಡ ಗೆಳೆಯರ ರಾಜ್ಯೋತ್ಸವಕ್ಕೆ ಊಟದ ಕೂಪನ್ ಮಾಡಿಕೊಡೋ ಕೆಲಸ ನನ್ನ ತಲೆಗೆ ಬಂತು. ನೂರೈವತ್ತರ ಹತ್ತಿರ ಹೆಸರು, ಎಲ್ಲವೂ ಕನ್ನಡದಲ್ಲಿ. ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಟರ್ಮಿನಲ್‌ನಲ್ಲಿ ಒಂದೇ ಸಾಲು ಕಾಣಬೇಕು, ಎಡಗಡೆ ಹೆಸರು ಮತ್ತು ಏರಿಯಾ, ಬಲಗಡೆ ಎಷ್ಟು ಮುಗೀತು ಅಂತ ತೋರಿಸೋ ಪ್ರೋಗ್ರೆಸ್ ಬಾರ್. ಒಂದು ಕೂಪನ್ ಆದ ಹಾಗೆ ಅದೇ ಸಾಲು ಅಲ್ಲೇ ಬದಲಾಗ್ತಾ ಹೋಗಬೇಕು. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದೆ, ಚೆನ್ನಾಗಿ ಓಡ್ತು. ಕನ್ನಡ ಹೆಸರು ಕೊಟ್ಟ ಕೂಡಲೇ ಬಾರ್ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತೂರಾಡೋಕೆ ಶುರು. ಹಿಂದಿನ ಸಾಲಿನ ಬಾಲ ಮುಂದಿನ ಸಾಲಿಗೆ ಅಂಟಿಕೊಂಡು ಉಳಿದಿತ್ತು.

ಕಾರ್ಯಕ್ರಮಕ್ಕೆ ಎರಡೇ ದಿನ ಇತ್ತು. ಅಷ್ಟೂ ಹೆಸರನ್ನ ಇಂಗ್ಲಿಷ್ ಲಿಪಿಗೆ ಬದಲಿಸಿಬಿಟ್ಟೆ. ಕೂಪನ್ನೂ ಹಾಗೇ ಪ್ರಿಂಟ್ ಆಯ್ತು.

ಊಟದ ಸಾಲಿನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ನನ್ನ ಹಿಡಿದರು. ಮುಂಬೈಯಲ್ಲೇ ಬ್ಯಾಂಕ್ ಕೆಲಸ ಮಾಡಿ ನಿವೃತ್ತರಾದವರು. "ಅಲ್ಲ ಮಾರಾಯಾ, ರಾಜ್ಯೋತ್ಸವದ ಕೂಪನ್ನಿನಲ್ಲಿ ನನ್ನ ಹೆಸರು ಇಂಗ್ಲಿಷಲ್ಲಾ?" ಅಂದ್ರು. "ಟರ್ಮಿನಲ್‌ನಲ್ಲಿ ಕನ್ನಡ ಸರಿಯಾಗಿ ಕೂರಲ್ಲ ಸಾರ್" ಅಂದೆ. ಅವರು ನಕ್ಕು, "ಹಸಿರು ಪರದೆ ಮುಂದೆ ನಾನೂ ಇಪ್ಪತ್ತು ವರ್ಷ ಕೂತವನೇ. ಕೂರೂದಿಲ್ಲ ಅಂದ್ರೆ ಕೂರಿಸುವವರು ಯಾರು?" ಅಂತ ಕೇಳಿ ಪಾಯಸದ ಕಡೆಗೆ ಹೋದರು.

ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಬರೆದಿದ್ದರ ಮೇಲೆ ಮತ್ತೆ ಬರೆಯೋ ಈ ವಿದ್ಯೆ ಎಲ್ಲಿಂದ ಬಂತು, ಅದರಲ್ಲಿ ಕನ್ನಡ ಎಲ್ಲಿ ತಪ್ಪಿಹೋಯ್ತು ಅಂತ ಹುಡುಕೋಕೆ ಹೊರಟೆ.

ರಿಟರ್ನ್ ಹೊಡೆಯೋದು ಅಂದ್ರೆ

ವೆಸ್ಟರ್ನ್ ಲೈನಿನಲ್ಲಿ ಓಡಾಡುವವರಿಗೆ 'ರಿಟರ್ನ್' ಗೊತ್ತೇ ಇದೆ. ಬೆಳಗ್ಗೆ ಕಾಂದಿವಲಿಯವರು, ಮಲಾಡಿನವರು ಚರ್ಚ್‌ಗೇಟ್ ಕಡೆ ಹೋಗಬೇಕಾದರೂ ಮೊದಲು ಉಲ್ಟಾ ಬೊರಿವಲಿಗೆ ಬರ್ತಾರೆ. ಗಾಡಿ ಅಲ್ಲೇ ತಿರುಗಿ ಹೊರಡುತ್ತೆ, ಇವರಿಗೆ ಸೀಟು ಸಿಗುತ್ತೆ. ಬೊರಿವಲಿಯವರಾದ ನಾವು ಅದನ್ನ ನೋಡಿ ಹಲ್ಲು ಕಡಿಯೋದು ಬೇರೆ ವಿಷಯ.

ಟರ್ಮಿನಲ್‌ನ ಮೂಲ ಉಪಾಯವೂ ಇದೇ. ಅದರ ಹೆಸರು ಕ್ಯಾರೇಜ್ ರಿಟರ್ನ್. ಆಸ್ಕಿ ಪಟ್ಟಿಯಲ್ಲಿ ಇದರ ನಂಬರು 13. ಈ ಸಂಕೇತ ಕಳಿಸಿದರೆ ಕರ್ಸರ್ ಅದೇ ಸಾಲಿನ ಶುರುವಿಗೆ ವಾಪಸ್ ಬರುತ್ತೆ. ಏನನ್ನೂ ಅಳಿಸೋದಿಲ್ಲ. ಆಮೇಲೆ ನೀವು ಬರೆದದ್ದು ಹಳೆಯ ಅಕ್ಷರಗಳ ಮೇಲೆ ಕೂರುತ್ತೆ. ಕೆಳಗಿನ ಸಾಲಿಗೆ ಇಳಿಸೋದು ಬೇರೆಯದೇ ಸಂಕೇತ, ಲೈನ್ ಫೀಡ್, ನಂಬರು 10.

ಒಂದು ಪ್ರಯೋಗ ಮಾಡಿ ನೋಡಿ. ಇಂಗ್ಲಿಷ್ ಲಿಪಿಯಲ್ಲಿ ಬೊರಿವಲಿ ಅಂತ ಪ್ರಿಂಟ್ ಮಾಡಿ, ಕ್ಯಾರೇಜ್ ರಿಟರ್ನ್ ಕಳಿಸಿ, ದಾದರ್ ಅಂತ ಪ್ರಿಂಟ್ ಮಾಡಿ. ಬೊರಿವಲಿಗೆ 8 ಅಕ್ಷರ, ದಾದರಿಗೆ 5. ಮೊದಲ ಐದರ ಮೇಲೆ ದಾದರ್ ಕೂರುತ್ತೆ, ಕೊನೆಯ ಮೂರು ಹಾಗೇ ಉಳಿಯುತ್ತೆ. ಪರದೆ ಮೇಲೆ 'ದಾದರಲಿ' ಅಂತ ವೆಸ್ಟರ್ನ್ ಲೈನಿನಲ್ಲಿ ಇಲ್ಲದ ಹೊಸ ಸ್ಟೇಷನ್ ಹುಟ್ಟುತ್ತೆ. ನನ್ನ ಸ್ಕ್ರಿಪ್ಟಿನ ಬಾಲದ ಕಥೆಯೂ ಇದೇ.

ಇನ್ನೊಂದು ಮಾತು. ಪ್ರೋಗ್ರಾಮಿನ ಔಟ್‌ಪುಟ್ ಟರ್ಮಿನಲ್‌ಗೆ ಹೋಗುವಾಗ ಸಾಮಾನ್ಯವಾಗಿ ಸಾಲು ಮುಗಿಯೋವರೆಗೆ ಬಫರಿನಲ್ಲಿ ಕೂತಿರುತ್ತೆ. ನಾವಿಲ್ಲಿ ಸಾಲನ್ನ ಮುಗಿಸೋದೇ ಇಲ್ಲವಲ್ಲ, ಹಾಗಾಗಿ ಫ್ಲಶ್ ಮಾಡದೇ ಇದ್ದರೆ ಏನೂ ಕಾಣಿಸದೆ ಕೊನೆಗೆ ಎಲ್ಲಾ ಒಟ್ಟಿಗೆ ಬಂದುಬೀಳುತ್ತೆ. ಹೊಸಬರು ಇಲ್ಲೇ ಎಡವೋದು.

ಕಾಗದದ ಕಾಲ

ಈ ಎರಡು ಸಂಕೇತ ಯಾಕೆ ಬೇರೆ ಬೇರೆ? ಕಾರಣ ಯಂತ್ರ. ನ್ಯೂಜಿಲೆಂಡಿನ ಡೊನಾಲ್ಡ್ ಮರೆ 1901ರಲ್ಲಿ ಟೆಲಿಗ್ರಾಫಿಗೆ ರೂಪಿಸಿದ ಸಂಕೇತಪಟ್ಟಿಯಲ್ಲೇ ಇವೆರಡೂ ಬಂದಿದ್ದವು. ಅಕ್ಷರಗಳ ಜೊತೆಗೆ ಯಂತ್ರಕ್ಕೆ ಆಜ್ಞೆಯನ್ನೂ ಅದೇ ತಂತಿಯಲ್ಲಿ ಕಳಿಸೋ ಐಡಿಯಾ ಅದು. 1963ರಲ್ಲಿ ಆಸ್ಕಿ ಬಂತು, ಅದೇ ವರ್ಷ ಟೆಲಿಟೈಪ್ ಕಂಪನಿಯ ಮಾಡೆಲ್ 33 ಕೂಡ ಬಂತು. ಅದು ಸೆಕೆಂಡಿಗೆ 10 ಅಕ್ಷರ ಹೊಡೀತಿತ್ತು. ಅಚ್ಚಿನ ತಲೆ ಬಲತುದಿಯಿಂದ ಎಡತುದಿಗೆ ಬರೋಕೆ ಒಂದು ಅಕ್ಷರದ ಸಮಯ ಸಾಕಾಗ್ತಿರಲಿಲ್ಲ. ಮೊದಲು ರಿಟರ್ನ್, ಆಮೇಲೆ ಲೈನ್ ಫೀಡ್ ಕಳಿಸಿದರೆ ಕಾಗದ ಮೇಲೇರೋ ಹೊತ್ತಿಗೆ ತಲೆ ಜಾಗಕ್ಕೆ ಬಂದಿರುತ್ತಿತ್ತು. ಇವತ್ತು ವಿಂಡೋಸ್ ಫೈಲಿನ ಸಾಲು ಎರಡು ಸಂಕೇತದಿಂದ ಮುಗಿದು, ಲಿನಕ್ಸ್ ಫೈಲಿನ ಸಾಲು ಒಂದರಿಂದ ಮುಗಿದು, ಗಿಟ್‌ನಲ್ಲಿ ಮುಟ್ಟದ ಫೈಲೂ ಪೂರ್ತಿ ಬದಲಾದ ಹಾಗೆ ಕಾಣ್ತದಲ್ಲ, ಅದರ ಮೂಲ ಈ ಯಂತ್ರಗಳ ಕಾಲದ ಪದ್ಧತಿ.

ಕಾಗದದಲ್ಲಿ ಅಳಿಸೋಕಾಗಲ್ಲ. ಅದಕ್ಕೇ ಆ ಕಾಲದ ಉಪಾಯಗಳೆಲ್ಲ ಮೇಲೆ ಮತ್ತೆ ಬರೆಯೋ ಉಪಾಯಗಳು. ದಪ್ಪ ಅಕ್ಷರ ಬೇಕಾದರೆ ಒಂದು ಹೆಜ್ಜೆ ಹಿಂದೆ ಬಂದು ಅದೇ ಅಕ್ಷರವನ್ನ ಮತ್ತೆ ಹೊಡೀಬೇಕು. ಪೇಪರ್ ಟೇಪಿನಲ್ಲಿ ತಪ್ಪು ತೂತು ಬಿದ್ದರೆ ಆ ಜಾಗದ ಏಳೂ ತೂತು ಹೊಡೆದುಬಿಡೋದು. ಎಲ್ಲಾ ತೂತು ಇರೋ ಅಕ್ಷರ ಅಂದ್ರೆ ಲೆಕ್ಕಕ್ಕಿಲ್ಲ ಅಂತ. ಆಸ್ಕಿಯಲ್ಲಿ ಡಿಲೀಟ್ ನಂಬರು 127 ಆಗಿರೋದು ಇದಕ್ಕೇ, ಏಳೂ ಬಿಟ್ ಒಂದು. ಅಳಿಸೋದು ಅಂದ್ರೆ ಪೂರ್ತಿ ತುಂಬಿಸೋದು!

ಈ ಕಾಗದದ ಕಾಲ ನಮ್ಮ ಮುಂಬೈಯಲ್ಲೂ ಚೆನ್ನಾಗೇ ನಡೀತು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಟಿಫ್ರ್ಯಾಕ್ ಕಂಪ್ಯೂಟರ್ 1960ರಲ್ಲಿ ಪೂರ್ಣವಾಗಿ ಕೆಲಸ ಶುರು ಮಾಡಿತು. ವಿಶೇಷ ಅಂದ್ರೆ, ಅಕ್ಷರ ಮತ್ತು ಗ್ರಾಫ್ ತೋರಿಸೋಕೆ ಅದಕ್ಕೆ ಒಂದು ಪಿಕ್ಚರ್ ಟ್ಯೂಬ್ ಪರದೆಯನ್ನೂ ಇಲ್ಲೇ ಮಾಡಿದ್ದರು. ಫೋರ್ಟಿನ ಸೆಂಟ್ರಲ್ ಟೆಲಿಗ್ರಾಫ್ ಆಫೀಸಿನಿಂದ ಊರಿಗೆ ಹೋಗುತ್ತಿದ್ದ ತಂತಿ ಸಂದೇಶಗಳ ಹಿಂದೆಯೂ ಟೆಲಿಪ್ರಿಂಟರ್ ಇತ್ತು. ದೇಶದ ಟೆಲಿಗ್ರಾಂ ಸೇವೆ ನಿಂತಿದ್ದು 2013ರ ಜುಲೈನಲ್ಲಿ. ಆಗ ನಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸಕ್ಕೆ ಸೇರಿಯಾಗಿತ್ತು.

ಗಾಜಿನ ಪರದೆ, ಹತ್ತಾರು ಭಾಷೆ

1970ರ ದಶಕದಲ್ಲಿ ಕಾಗದದ ಜಾಗಕ್ಕೆ ಗಾಜು ಬಂತು. ಶುರುವಿನ ಪರದೆ ಟರ್ಮಿನಲ್‌ಗಳನ್ನ ಗಾಜಿನ ಟೆಲಿಟೈಪ್ ಅಂತಲೇ ಕರೀತಿದ್ರು. ಆದರೆ ಗಾಜಿನ ಮೇಲೆ ಕರ್ಸರ್ ಮೇಲೂ ಹೋಗಬಹುದು, ಎಲ್ಲಿ ಬೇಕಾದರೂ ಹೋಗಬಹುದು. ಅದಕ್ಕೆ ಆಜ್ಞೆ ಬೇಕು. ಒಂದೊಂದು ಕಂಪನಿ ಒಂದೊಂದು ಆಜ್ಞೆ ಮಾಡಿತು. ಡೆಕ್ ಕಂಪನಿಯ ವಿಟಿ52ರಲ್ಲಿ ಎಸ್ಕೇಪ್ ಆದಮೇಲೆ ವೈ, ಆಮೇಲೆ ಸಾಲು, ಅಂಕಣ. ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎಯಲ್ಲಿ ಎಸ್ಕೇಪ್ ಆದಮೇಲೆ ಸಮ ಚಿಹ್ನೆ. ಒಂದು ಟರ್ಮಿನಲ್‌ಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಕಸ ಉಗುಳುತ್ತಿತ್ತು.

ಬರ್ಕ್ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್ ವಿಐ ಎಡಿಟರ್ ಬರೆದಿದ್ದು ಈ ಎಡಿಎಂ-3ಎ ಮುಂದೆ ಕೂತು. ಅದರ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಬಾಣದ ಗುರುತು ಇತ್ತು. ಇವತ್ತಿಗೂ ವಿಮ್‌ನಲ್ಲಿ ನಾವು ಅದೇ ನಾಲ್ಕು ಕೀಲಿಯಿಂದ ಓಡಾಡ್ತೀವಿ. ಬೇರೆ ಬೇರೆ ಟರ್ಮಿನಲ್‌ಗಳ ಗೊಂದಲಕ್ಕೆ ಅವರು ಕಂಡುಕೊಂಡ ಪರಿಹಾರ ಟರ್ಮ್‌ಕ್ಯಾಪ್. ಯಾವ ಟರ್ಮಿನಲ್‌ಗೆ ಯಾವ ಆಜ್ಞೆ ಅನ್ನೋ ದೊಡ್ಡ ಪಟ್ಟಿ ಅದು. ಅದರ ಮೇಲೆ ಕೆನ್ ಆರ್ನಾಲ್ಡ್ ಕರ್ಸಸ್ ಲೈಬ್ರರಿ ಕಟ್ಟಿದರು. ಪರದೆಯ ಹಳೆ ಚಿತ್ರ, ಹೊಸ ಚಿತ್ರ ಎರಡನ್ನೂ ಮನಸಲ್ಲಿಟ್ಟುಕೊಂಡು ಬದಲಾದ ಜಾಗಕ್ಕೆ ಮಾತ್ರ ಕರ್ಸರ್ ಕಳಿಸೋದು ಅದರ ಕೆಲಸ. ತಂತಿ ನಿಧಾನ ಇದ್ದ ಕಾಲದಲ್ಲಿ ಒಂದೊಂದು ಅಕ್ಷರವೂ ದುಬಾರಿ.

ಇನ್ನೊಂದು ಕಡೆಯಿಂದ ಒಪ್ಪಂದ ಬಂತು. 1976ರಲ್ಲಿ ಯುರೋಪಿನ ಎಕ್ಮಾ-48, 1979ರಲ್ಲಿ ಅಮೆರಿಕದ ಆನ್ಸಿ ಮಾನಕ. ನಡುವೆ 1978ರಲ್ಲಿ ಡೆಕ್ ತನ್ನ ವಿಟಿ100 ಬಿಟ್ಟಿತು. 24 ಸಾಲು, 80 ಅಂಕಣ. ಈ 80 ಕೂಡ ಹಳೇ ಲೆಕ್ಕವೇ, ಐಬಿಎಂನ 1928ರ ಪಂಚ್ ಕಾರ್ಡಿನಲ್ಲಿ 80 ಅಂಕಣ ಇತ್ತು. ವಿಟಿ100 ಎಷ್ಟು ಮಾರಾಟವಾಯ್ತು ಅಂದ್ರೆ ಉಳಿದ ಕಂಪನಿಗಳೂ ಅದರ ಭಾಷೆಯನ್ನೇ ಮಾತಾಡೋಕೆ ಶುರು ಮಾಡಿದವು.

ಆ ಭಾಷೆಯನ್ನೇ ನಾವು ಇವತ್ತೂ ಬಳಸ್ತಿರೋದು. ಎಸ್ಕೇಪ್ ಸಂಕೇತ 27, ಆಮೇಲೆ ಚೌಕ ಬ್ರಾಕೆಟ್, ಬೇಕಾದರೆ ಒಂದು ಸಂಖ್ಯೆ, ಕೊನೆಗೆ ಒಂದು ಅಕ್ಷರ. ದೊಡ್ಡ ಎ ಅಂದ್ರೆ ಒಂದು ಸಾಲು ಮೇಲೆ, ಬಿ ಅಂದ್ರೆ ಕೆಳಗೆ. ಕೆ ಅಂದ್ರೆ ಕರ್ಸರಿನಿಂದ ಸಾಲಿನ ಕೊನೆವರೆಗೆ ಅಳಿಸು. 2 ಮತ್ತು ಜೆ ಅಂದ್ರೆ ಇಡೀ ಪರದೆ ಅಳಿಸು. ಸಂಖ್ಯೆ ಮತ್ತು ಜಿ ಅಂದ್ರೆ ಇಷ್ಟನೇ ಅಂಕಣಕ್ಕೆ ಹೋಗು. ಡಾಕರ್ ಇಮೇಜ್ ಇಳಿಯುವಾಗ ನಾಲ್ಕೈದು ಸಾಲು ಒಟ್ಟಿಗೆ ಓಡ್ತವಲ್ಲ, ಅಲ್ಲಿ ಕರ್ಸರ್ ಮೇಲೆ ಹೋಗಿ, ಅಳಿಸಿ, ಬರೆದು, ಕೆಳಗೆ ಬರ್ತಾ ಇರುತ್ತೆ. 'ದಾದರಲಿ'ಗೂ ಇದೇ ಮದ್ದು, ರಿಟರ್ನ್ ಆದಮೇಲೆ ಆ ಕೆ ಆಜ್ಞೆ ಕಳಿಸಿದರೆ ಬಾಲ ಹೋಗುತ್ತೆ. ವಿಂಡೋಸಿನ ಕನ್ಸೋಲ್ ಕೂಡ ವಿಂಡೋಸ್ 10ರ ಕಾಲಕ್ಕೆ ಈ ಭಾಷೆಗೆ ಶರಣಾಯ್ತು.

ನಮ್ಮ ಕೌಂಟರುಗಳಲ್ಲಿ

ನಮ್ಮ ದೇಶದ ಸಾಮಾನ್ಯ ಜನ ಇದನ್ನ ಮೊದಲು ನೋಡಿದ್ದು ಎರಡು ಕಡೆ, ರೈಲ್ವೆ ಮತ್ತು ಬ್ಯಾಂಕಿನಲ್ಲಿ. ಸಿಎಂಸಿ ಸಂಸ್ಥೆ ಮಾಡಿದ ರಿಸರ್ವೇಷನ್ ವ್ಯವಸ್ಥೆ 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ಶುರುವಾಗಿ, ದಶಕ ಮುಗಿಯೋ ಹೊತ್ತಿಗೆ ಮುಂಬೈಗೂ ಬಂತು. ಹಿಂದೆ ಡೆಕ್‌ನ ವ್ಯಾಕ್ಸ್ ಕಂಪ್ಯೂಟರ್, ಮುಂದೆ ಅಕ್ಷರ ಮಾತ್ರ ತೋರಿಸೋ ಟರ್ಮಿನಲ್. ನಾನು ಹುಡುಗನಾಗಿದ್ದಾಗ ಬೆಂಗಳೂರು ಸಿಟಿ ಸ್ಟೇಷನ್ನಿನ ಕೌಂಟರಿನಲ್ಲಿ ಅಪ್ಪನ ಜೊತೆ ನಿಂತು ನೋಡ್ತಿದ್ದೆ. ಕ್ಲರ್ಕ್ ಕೈಯಲ್ಲಿ ಮೌಸ್ ಇಲ್ಲ. ಕರ್ಸರ್ ಒಂದು ಖಾಲಿ ಜಾಗದಿಂದ ಇನ್ನೊಂದಕ್ಕೆ ಹಾರುತ್ತಿತ್ತು, ಹೆಸರು, ವಯಸ್ಸು, ಬರ್ತ್. ಪರದೆ ಅಲ್ಲಾಡ್ತಿರಲಿಲ್ಲ, ಬೇಕಾದ ಜಾಗ ಮಾತ್ರ ಬದಲಾಗ್ತಿತ್ತು. ಅವರ ಬೆರಳಿನ ವೇಗ ಇವತ್ತಿನ ಯಾವ ವೆಬ್ ಫಾರ್ಮಿನಲ್ಲೂ ನಾನು ಕಂಡಿಲ್ಲ.

ಬ್ಯಾಂಕುಗಳಲ್ಲಿ ದಾರಿ ಹಾಕಿದ್ದು ಆಗ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿಯ 1984ರ ವರದಿ. ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಶಾಖೆಗೆ ಬಂದವು, ಆಮೇಲೆ ಯುನಿಕ್ಸ್ ಮತ್ತು ಹಸಿರು ಪರದೆಗಳು. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್, ಕರಾವಳಿಯಲ್ಲಿ ಹುಟ್ಟಿದ ಈ ಬ್ಯಾಂಕುಗಳ ಮುಂಬೈ ಶಾಖೆಗಳಲ್ಲಿ ದುಡಿದ ಕನ್ನಡಿಗರು ಎಷ್ಟು ಜನ! ನಮಗಿಂತ ಮೊದಲು ಈ ಊರಿಗೆ ಬಂದು ಟರ್ಮಿನಲ್ ಮುಂದೆ ಕೂತವರು ಅವರೇ. ಕೂಪನ್ ಹಿಡಿದು ನನ್ನ ಕೇಳಿದವರೂ ಅವರಲ್ಲೊಬ್ಬರು. ಅವರೆಲ್ಲ ದಿನವಿಡೀ ನೋಡಿದ್ದು ಇಂಗ್ಲಿಷ್ ಪರದೆಯನ್ನೇ.

ಕನ್ನಡ ಎಲ್ಲಿ ತಪ್ಪಿತು

ಹಾಗಂತ ಯಾರೂ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ಗೆ ಬಂದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳನ್ನ ಪಿಸಿ ಕಾರ್ಡಿನಲ್ಲೂ ಟರ್ಮಿನಲ್‌ನಲ್ಲೂ ತೋರಿಸ್ತಿತ್ತು. 1991ರಲ್ಲಿ ಇಸ್ಕಿ ಭಾರತೀಯ ಮಾನಕ ಆಯ್ತು, ನಂಬರು 13194. ಅದರಲ್ಲಿ 239 ಅನ್ನೋ ಒಂದು ಸಂಕೇತ ಇದೆ. ಅದಾದಮೇಲೆ 72 ಕಳಿಸಿದರೆ ಮುಂದಿನದು ಕನ್ನಡ ಲಿಪಿ ಅಂತ ಅರ್ಥ, 66 ಕಳಿಸಿದರೆ ದೇವನಾಗರಿ. ಎಸ್ಕೇಪ್ ಸಂಕೇತದ ತಮ್ಮನೇ ಇದು. ಅಕ್ಷರಗಳ ಜೊತೆಗೇ ಆಜ್ಞೆ ಕಳಿಸೋ ಮರೆಯ ಐಡಿಯಾ ಪುಣೆಯಲ್ಲಿ ಕನ್ನಡದ ಕೈಗೂ ಸಿಕ್ಕಿತ್ತು.

ಅದೇ 1991ರಲ್ಲಿ ಯುನಿಕೋಡ್ ಬಂತು, ಕನ್ನಡದ ಭಾಗಕ್ಕೆ ಇಸ್ಕಿಯ ಜೋಡಣೆಯನ್ನೇ ಆಧಾರ ಮಾಡಿಕೊಂಡಿತು. ಸಂಕೇತದ ಸಮಸ್ಯೆ ಬಗೆಹರಿಯಿತು. ಟೈಪ್ ಮಾಡೋ ಸಮಸ್ಯೆಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಉತ್ತರ ಕೊಟ್ಟಿತು. ಆದರೆ ಟರ್ಮಿನಲ್‌ನ ಲೆಕ್ಕ ಉಳಿದುಕೊಂಡಿತು.

ಏನು ಆ ಲೆಕ್ಕ? ವಿಟಿ100ರ ಪರದೆ ಅಂದ್ರೆ ಚೌಕಳಿ, ಒಂದು ಮನೆಗೆ ಒಂದು ಅಕ್ಷರ. ಕರ್ಸರ್ ಎಲ್ಲಿದೆ ಅಂತ ಪ್ರೋಗ್ರಾಂ ಒಂದು ಲೆಕ್ಕ ಇಟ್ಟಿರುತ್ತೆ, ಟರ್ಮಿನಲ್ ಇನ್ನೊಂದು. ಎರಡೂ ತಾಳೆ ಆಗೋವರೆಗೆ ಎಲ್ಲಾ ಸರಿ. ಈಗ 'ಬೊರಿವಲಿ' ಅನ್ನೋ ನಮ್ಮ ಏರಿಯಾದ ಹೆಸರನ್ನೇ ತಗೊಳ್ಳಿ. ಯುಟಿಎಫ್-8ರಲ್ಲಿ ಇದು 21 ಬೈಟ್. ಯುನಿಕೋಡ್ ಸಂಕೇತ 7. ಕಣ್ಣಿಗೆ ಕಾಣೋ ಅಕ್ಷರ 4. ಹಾಗಾದರೆ ಎಷ್ಟು ಮನೆ?

ಇದನ್ನ ಹೇಳೋಕೆ ಒಂದು ಫಂಕ್ಷನ್ ಇದೆ, ಡಬ್ಲ್ಯೂಸಿವಿಡ್ತ್. ತುಂಬಾ ಟರ್ಮಿನಲ್‌ಗಳು ಬಳಸಿದ ಮಾರ್ಕಸ್ ಕೂನ್ ಅವರ ಪಟ್ಟಿಯ ಪ್ರಕಾರ ಬೊರಿವಲಿಗೆ 5 ಮನೆ. ಯಾಕಂದ್ರೆ ಯುನಿಕೋಡಿನಲ್ಲಿ ಗುಡಿಸು, ಅಂದ್ರೆ ಇಕಾರ, ಅಕ್ಷರದ ಮೇಲೇ ಕೂರೋ ಗುರುತು, ಅದಕ್ಕೆ ಸೊನ್ನೆ ಮನೆ. ಒಕಾರ ಪಕ್ಕದಲ್ಲಿ ಜಾಗ ತಗೊಳ್ಳೋ ಗುರುತು, ಅದಕ್ಕೆ ಒಂದು ಮನೆ. ಹಾಗಾಗಿ 'ಕಿ' ಒಂದು ಮನೆ, 'ಕೀ' ಎರಡು ಮನೆ. ಕೆಲವು ಹೊಸ ಲೈಬ್ರರಿಗಳು ಪಕ್ಕದ ಗುರುತಿಗೂ ಸೊನ್ನೆ ಅಂತ ಎಣಿಸ್ತವೆ, ಆಗ ಬೊರಿವಲಿ 4. ನಾನು ಪೈಥಾನಿನಲ್ಲಿ ಉದ್ದ ಕೇಳಿ ಖಾಲಿ ಜಾಗ ತುಂಬಿಸಿದ್ದೆನಲ್ಲ, ಅದರ ಲೆಕ್ಕ 7. ನನ್ನ ಟರ್ಮಿನಲ್ ಲೆಕ್ಕ 5. ಪ್ರತಿ ಹೆಸರಿಗೂ ವ್ಯತ್ಯಾಸ ಬೇರೆ ಬೇರೆ. ಬಾರ್ ತೂರಾಡದೆ ಇನ್ನೇನು ಮಾಡುತ್ತೆ?

ಸಮಾಧಾನಕ್ಕೆ ಅಂತ ಯುನಿಕೋಡಿನ ಅಕ್ಷರ ವಿಭಜನೆಯ ನಿಯಮ ನೋಡಿದೆ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನ ಒಡೆಯದೆ ಒಂದೇ ಅಕ್ಷರ ಅಂತ ಎಣಿಸೋ ಹೊಸ ನಿಯಮ ಸೇರಿತು. ಅದು ಅನ್ವಯವಾದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿನ ಒತ್ತಕ್ಷರ ಒಂದಾಗಿ ನಿಂತರೆ, 'ಕನ್ನಡ' ಅನ್ನೋ ಪದವನ್ನೇ ಆ ನಿಯಮ ಮೂರು ಅಕ್ಷರದ ಬದಲು ನಾಲ್ಕು ತುಂಡು ಮಾಡ್ತಿತ್ತು. ಇದನ್ನ ನೋಡಿದ ದಿನ ನನಗೆ ಆ ಹಿರಿಯರ ಪ್ರಶ್ನೆ ಮತ್ತೆ ನೆನಪಾಯ್ತು. ಕೂರಿಸುವವರು ಯಾರು?

ಈಗ ಏನು ಮಾಡಬಹುದು

ಮೊದಲು ನಮ್ಮ ಮನೆಯ ರಿಪೇರಿ. ಕನ್ನಡ ಇದ್ದಾಗ ಲೆಕ್ಕವನ್ನ ಪ್ರೋಗ್ರಾಮಿಗೆ ಬಿಡಬೇಡಿ, ಟರ್ಮಿನಲ್‌ಗೇ ಬಿಡಿ. ಖಾಲಿ ಜಾಗ ತುಂಬಿಸಿ ಅಂಕಣ ಹೊಂದಿಸೋದು ಬೇಡ. ರಿಟರ್ನ್, ಕೆ ಆಜ್ಞೆಯಿಂದ ಸಾಲು ಅಳಿಸೋದು, ಹೆಸರು, ಆಮೇಲೆ ಜಿ ಆಜ್ಞೆಯಿಂದ 40ನೇ ಅಂಕಣಕ್ಕೆ ಹೋಗಿ ಬಾರ್. ಇನ್ನೂ ಸುಲಭ ಬೇಕಾದರೆ ಬಾರ್ ಮೊದಲು, ಕನ್ನಡ ಕೊನೆಗೆ. ಸಾಲು ಪರದೆಯ ಅಗಲ ದಾಟದ ಹಾಗೆ ನೋಡಿಕೊಳ್ಳಿ. ದಾಟಿದರೆ ಮುಂದಿನ ಸಾಲಿಗೆ ಮಡಚಿಕೊಳ್ಳುತ್ತೆ, ರಿಟರ್ನ್ ಆ ಎರಡನೇ ಸಾಲಿನ ಶುರುವಿಗೆ ಮಾತ್ರ ಬರುತ್ತೆ. ನನ್ನ ಸ್ಕ್ರಿಪ್ಟಿಗೆ ಬೇಕಾಗಿದ್ದಿದ್ದು ಮೂರೇ ಸಾಲಿನ ಬದಲಾವಣೆ. ಮೂರು ಸಾಲಿಗೆ ಸೋಮಾರಿತನ ಮಾಡಿ ನೂರೈವತ್ತು ಜನರ ಹೆಸರಿನ ಲಿಪಿ ಬದಲಿಸಿದ್ದೆ.

ಎರಡನೆಯದು ದೊಡ್ಡ ಕೆಲಸ. ಈ ಇತಿಹಾಸದಲ್ಲಿ ನನಗೆ ಕಂಡಿದ್ದು ಇಷ್ಟು: ಎಲ್ಲಾ ಕಡೆ ಪರಿಹಾರ ಅಂದ್ರೆ ಒಂದು ಪಟ್ಟಿ, ಮತ್ತೆ ಆ ಪಟ್ಟಿಯನ್ನ ಎಲ್ಲರೂ ಒಪ್ಪೋದು. ಮರೆಯ ಪಟ್ಟಿ, ಆಸ್ಕಿ, ಟರ್ಮ್‌ಕ್ಯಾಪ್, ಎಕ್ಮಾ-48, ಇಸ್ಕಿ, ಕೂನ್ ಅವರ ಮನೆ ಲೆಕ್ಕ. ಯಾವುದೂ ಆಕಾಶದಿಂದ ಬಿದ್ದಿದ್ದಲ್ಲ. ತನ್ನ ಟರ್ಮಿನಲ್‌ನಲ್ಲಿ ಕೆಲಸ ಕೆಟ್ಟವರು ಕೂತು ಬರೆದಿದ್ದು. ಇವತ್ತಿನ ಟರ್ಮಿನಲ್‌ಗಳಲ್ಲಿ ಬಹಳಷ್ಟು ತೆರೆದ ತಂತ್ರಾಂಶಗಳು. ಕನ್ನಡದಲ್ಲಿ ಕರ್ಸರ್ ತಪ್ಪೋ ಒಂದು ಉದಾಹರಣೆ, ಒಂದು ಸ್ಕ್ರೀನ್‌ಶಾಟ್, ಎಷ್ಟು ಮನೆ ಬೇಕು ಅನ್ನೋ ಒಂದು ಸಾಲಿನ ಟೆಸ್ಟ್, ಇಷ್ಟನ್ನ ದಾಖಲಿಸೋಕೆ ನಮ್ಮಲ್ಲಿ ಯಾರಿಗೂ ಅರ್ಧ ಗಂಟೆ ಮೇಲೆ ಬೇಡ. ಬಗ್ ರಿಪೋರ್ಟ್ ಬರೆಯೋದು ನಮಗೆ ಹೊಸದೇನಲ್ಲವಲ್ಲ, ದಿನಾ ಆಫೀಸಿನಲ್ಲಿ ಮಾಡೋ ಕೆಲಸವೇ. ನಾನು ನನ್ನ ಕಡೆಯಿಂದ ಎರಡು ಬರೆದು ಹಾಕಿದೀನಿ.

ಈ ವರ್ಷದ ಕೂಪನ್ ಪಟ್ಟಿಯೂ ನನ್ನ ಹತ್ತಿರವೇ ಇದೆ. ಈ ಸಲ ಹೆಸರು ಕನ್ನಡದಲ್ಲೇ ಓಡ್ತಾ ಇದೆ, ಬಾರ್ 40ನೇ ಅಂಕಣದಲ್ಲಿ ಅಲ್ಲಾಡದೆ ನಿಂತಿದೆ. ಮೊದಲ ಕೂಪನ್ ಯಾರದ್ದು ಪ್ರಿಂಟ್ ಮಾಡಿದೆ ಅಂತ ನಿಮಗೆ ಗೊತ್ತಾಗಿರಬೇಕು.

ನಿಮ್ಮ ಟರ್ಮಿನಲ್‌ನಲ್ಲಿ ನಿಮ್ಮ ಊರಿನ ಹೆಸರನ್ನ ಕನ್ನಡದಲ್ಲಿ ಒಮ್ಮೆ ಟೈಪ್ ಮಾಡಿ, ಕರ್ಸರನ್ನ ಬಾಣದ ಕೀಲಿಯಿಂದ ಹಿಂದೆ ಮುಂದೆ ಓಡಿಸಿ ನೋಡಿ. ಎಲ್ಲಿ ತಪ್ಪುತ್ತೆ ಅಂತ ಬರೆದು ತಿಳಿಸಿ.